ನನ್ನ ಇಂಗ್ಲಿಷ್ ನನ್ನದಲ್ಲವಂತೆ

ಗೆಳೆಯರೇ, ನನ್ನ ಕಥೆ ಕೇಳಿ. ಮಾರತ್ತಹಳ್ಳಿ ಬಸ್ಸಿನಲ್ಲಿ ದಿನವೂ ಬಾಯಿಪಾಠ ಮಾಡಿದ ಅಪರೂಪದ ಇಂಗ್ಲಿಷ್ ಪದಗಳನ್ನೆಲ್ಲ ನನ್ನ ಕೆಲಸದ ಬಗ್ಗೆ ನಾನೇ ಆಫೀಸಿಗೆ ಬರೆದುಕೊಡಬೇಕಾದ ಈ ವರ್ಷದ ಅಪ್ರೈಸಲ್‌ನಲ್ಲಿ ಸುರಿದಿದ್ದೆ. ಕಷ್ಟಪಟ್ಟು ಕೆಲಸ ಮಾಡಿದೆ ಎನ್ನುವುದಕ್ಕೆ ‘ಅಸಿಡ್ಯುವಸ್’ ಎಂದಿದ್ದೆ. ಇವತ್ತು ಮ್ಯಾನೇಜರ್ ಕರೆದರು.

"ಸವಿತಾ, ಇದು ಎಐ ಬರ್ದಿದ್ದು ಅಲ್ವಾ?"

"ಇಲ್ಲ ಸರ್, ನಾನೇ ಬರ್ದಿದ್ದು."

"ಹಾಗಾದ್ರೆ ಇದನ್ನೇ ಬಾಯಲ್ಲಿ ಹೇಳಿ ನೋಡೋಣ."

ಗಾಬರಿಯಲ್ಲಿ ನನ್ನ ಬಾಯಿಂದ ‘ಆಕ್ಚುಯಲಿ’, ‘ಬೇಸಿಕಲಿ’ ಬಿಟ್ಟರೆ ಬೇರೇನೂ ಹೊರಡಲಿಲ್ಲ.

"ನಾಳೆಯೊಳಗೆ ನಿಮ್ದೇ ಇಂಗ್ಲಿಷಲ್ಲಿ ಬರ್ದು ಕೊಡಿ. ಇಲ್ಲಾಂದ್ರೆ ರೇಟಿಂಗ್ ಮರ್ತುಬಿಡಿ," ಎಂದರು.

ಸಂಜೆಯಿಂದ ಕೂತಿದ್ದೇನೆ, ಈ ಪದಗಳನ್ನು ಕಲಿಯುವ ಮೊದಲಿನ ನನ್ನ ಹಳೆಯ ಸಾದಾ ಇಂಗ್ಲಿಷ್ ಕೈಗೇ ಬರುತ್ತಿಲ್ಲ. ಕೊನೆಗೆ ಎಐಯನ್ನೇ ಮೊದಲ ಸಲ ಕೇಳಿಕೊಂಡೆ: ನಾನೇ ಬರೆದದ್ದು ಅಂತ ಅವರು ನಂಬುವ ಹಾಗೆ ಬರೆದುಕೊಡಪ್ಪ.