ಗೋಡೆಯ ಮೇಲೆ ಬರೆದ ದಾರಿ

ಸಂಜೆ ಐದು ಗಂಟೆ ನಲವತ್ತು ನಿಮಿಷ. ಎರಡು ವರ್ಷದ ಹಿಂದಿನ ಮಾತು. ತಮಿಳುನಾಡಿನ ತೇನಿಯ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ನಾನು, ಕಾಮಯಗೌಂಡನ್‌ಪಟ್ಟಿಯ ಹೊರಗೆ ದ್ರಾಕ್ಷಿ ಗೋದಾಮಿನ ಹೊಸ ಗೋಡೆಯ ಚಿತ್ರ ಮುಗಿಸಿ ಬ್ರಷ್ ತೊಳೆಯುತ್ತಿದ್ದೆ.

ಅದು ಸರ್ರಿಯಲಿಸ್ಟ್ ಚಿತ್ರ. ದಿನವೂ ನೋಡುವ ಲೋಕವನ್ನು ಕನಸಿನಂತೆ ಕದಡಿ, ಅದರ ಮೇಲೇ ಅನುಮಾನ ಹುಟ್ಟಿಸುವ ಪದ್ಧತಿ. ನೆಲದಲ್ಲಿ ಮೋಡ, ದ್ರಾಕ್ಷಿ ಚಪ್ಪರದಡಿ ಈಜುವ ಮೀನು. "ಕಣ್ಣು ಏಮಾರಬೇಕು" ಎಂದು ತರಗತಿಯಲ್ಲಿ ಹೇಳುತ್ತಿದ್ದೆ.

ವಾರವಿಡೀ ರಂಗಪ್ಪ ತಾತ ಮೊಪೆಡ್ ನಿಲ್ಲಿಸಿ ನೋಡುತ್ತಿದ್ದರು. ಎಪ್ಪತ್ತು ದಾಟಿದ ರೈತ. ನಮ್ಮಂತೆಯೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು.

"ಮೀನ ಮೇಲಕ್ಕೆ ಹತ್ತಿಸಿಬಿಟ್ಟಿಯಲ್ಲ ತಾಯಿ, ಕೊಳಂಬು ಸಾರು ಕಾಯಿಸೋಕೆ ಏಣಿ ಇಕ್ಕಬೇಕಾ?"

ಇನ್ನೊಂದು ದಿನ ಹೇಳಿದರು: "ಈ ಗೋಡೆ ಬರೋಕ್ ಮುಂಚೆ ಇಲ್ಲೇ ನಮ್ಮ ವಂಡಿದಾರಿ, ಗಾಡಿ ಓಡೋ ದಾರಿ. ಐವತ್ತು ವರ್ಸ ನೇರಾ ಹೋದೋನು ನಾನು. ಅದನ್ನೂ ಬರಿ, ನೋಡಾನ."

ಕೊನೆಯ ದಿನ ಬರೆದೆ. ಇಲ್ಲಿನವರು ತೋಟದ ದಾರಿಯಲ್ಲಿ ನೆಲ ನೋಡಿ ಗಾಡಿ ಬಿಡುವುದಿಲ್ಲ. ಚಪ್ಪರ ಹೊತ್ತ ಕಲ್ಲುಕಂಬಗಳ ಸಾಲು ಹಿಡಿದು ಹೋಗುತ್ತಾರೆ. ಆ ಸಾಲು ಗೋಡೆಯ ಬಳಿ ನಿಂತುಬಿಡುತ್ತಿತ್ತು. ನೂಲು ಹಿಡಿದು ಅಳೆದು, ಬಣ್ಣದ ಕಂಬಗಳನ್ನು ಅದಕ್ಕೇ ಸೇರಿಸಿದೆ. ಮೀನು ಈಜುವ ದಾರಿಯನ್ನು ನಿಜವೆಂದು ಯಾರು ನಂಬುತ್ತಾರೆ ಎಂದುಕೊಂಡಿದ್ದೆ.

ಆ ಸಂಜೆ ತಾತ ಮನೆಗೆ ಹೊರಟು ಮೊಪೆಡ್‌ನಲ್ಲಿ ಬಂದರು. ಇಳಿಬಿಸಿಲು ಅವರ ಬೆನ್ನ ಹಿಂದಿನಿಂದ ನೇರ ಗೋಡೆಗೆ ಬೀಳುತ್ತಿತ್ತು. ಬಲಕ್ಕೆ ತಿರುಗಬೇಕಾದಲ್ಲಿ ಅವರು ತಿರುಗಲಿಲ್ಲ. ನಗುತ್ತಿದ್ದರು. ಚಿತ್ರ ಮೆಚ್ಚಿ ನಗುತ್ತಿದ್ದಾರೆಂದು ನಾನೂ ಕೈ ಎತ್ತಿದೆ. ಕೂಗಬೇಕಿತ್ತು, ಕೈ ಬೀಸಿದೆ. ಅವರು ಬ್ರೇಕ್ ಹಿಡಿಯಲೇ ಇಲ್ಲ.

ಆಂಬುಲೆನ್ಸ್ ಬರುವವರೆಗೆ ತಲೆ ನನ್ನ ತೊಡೆಯ ಮೇಲಿತ್ತು. "ದಾರಿ ಇತ್ತಲ್ಲಮ್ಮಾ..." ಎಂದರು. ಬಯ್ಯಲಿಲ್ಲ. ಗಲಿಬಿಲಿಯಿಂದ ಕೇಳಿದರು, ಅಷ್ಟೇ.

ತಲೆಯೊಳಗೆ ರಕ್ತಸ್ರಾವ ಎಂದರು ಡಾಕ್ಟರ್. ಮರುದಿನವೇ ಗೋಡೆಗೆ ಸುಣ್ಣ ಬಳಿದೆ. ದಿನವೂ ಅವರ ಮಗಳಿಗೆ ಫೋನ್ ಮಾಡುತ್ತಿದ್ದೆ. "ಇನ್ನಿಕ್ಕೂ ಕಣ್ಣು ಬಿಡಲಿಲ್ಲ ಟೀಚರ್" ಎನ್ನುತ್ತಿದ್ದಳು. ಕಣ್ಣು ಮುಚ್ಚಿದರೆ ಆ ನಗು ಮತ್ತೆ ನನ್ನತ್ತ ಬರುತ್ತಿತ್ತು, ಪ್ರತಿ ಸಲವೂ ನಾನು ಕೈ ಬೀಸುತ್ತಿದ್ದೆ.

ಈಗ ಮೊದಲ ತರಗತಿಯಲ್ಲೇ ಹೇಳುತ್ತೇನೆ: ನಿಂತು ನೋಡುವವನಿಗೆ ವಿಚಿತ್ರ ಕಾಣುತ್ತದೆ, ಮನೆಗೆ ಹೊರಟವನಿಗೆ ಗುರುತು ಮಾತ್ರ ಕಾಣುತ್ತದೆ. ಬೀದಿಯಲ್ಲಿ ಬರೆಯುವವರು ಇಬ್ಬರಿಗೂ ಹೊಣೆ.

ಅಪಘಾತವಾದ ಹತ್ತೊಂಬತ್ತನೆಯ ದಿನ ತಾತ ಹೋದರು. ಮಣ್ಣು ಮಾಡಿ ಬಂದ ಆ ರಾತ್ರಿ, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ, ಬೆಳಗಿನವರೆಗೆ ಒಮ್ಮೆಯೂ ಏಳದೆ ಮಲಗಿದೆ. ಅವರು ಬದುಕಲಿ ಎಂದು ಬೇಡುವ ಕೆಲಸ ಮುಗಿದಿತ್ತು.