ಜೋರಮ್ಮನ ಆಫೀಸಿನ ಮಂದಿ

ಎಂಥವರ ಬಾಯಿಯನ್ನೂ ಮುಚ್ಚಿಸುವ ಗಂಟಲು ಅವಳದು. ಪರಿಹಾರ ಸಂಸ್ಥೆಗಳವರು ಬೆನ್ನ ಹಿಂದೆ ಅವಳನ್ನು ಜೋರಮ್ಮ ಎನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗಿತ್ತು? ಯುದ್ಧಕ್ಕೆ ಹೆದರಿ ಮನೆಮಠ ಬಿಟ್ಟು ಬಂದವರ ಶಿಬಿರಗಳು ಊರ ಸುತ್ತ ಎದ್ದಿದ್ದವು. ಯಾವ ಶಿಬಿರಕ್ಕೆ ಯಾರು ನೀರು, ಯಾರು ಹಿಟ್ಟು ಒಯ್ಯಬೇಕೆಂದು ವಾರವಾರ ಹೊಂದಿಸುವುದು ಅವಳ ಆಫೀಸಿನ ಕೆಲಸ. ಕೇಳಲು ಸಲೀಸು. ಆದರೆ ಕೊಡುವವರಿಗೂ ಒಂದು ಚಾಳಿಯಿರುತ್ತದೆ. ಡಾಂಬರು ರಸ್ತೆಯ ಪಕ್ಕದ, ಫೋಟೋ ಚೆನ್ನಾಗಿ ಬರುವ ಹಳೇ ಶಾಲೆಯ ಶಿಬಿರಕ್ಕೆ ಎಲ್ಲರೂ ಕೈ ಎತ್ತುತ್ತಾರೆ. ಕೆಸರು ದಾರಿಯ ಇಟ್ಟಿಗೆ ಭಟ್ಟಿಯ ಶಿಬಿರದ ಹೆಸರು ಬಂದರೆ ಎಲ್ಲರೂ ಚಾವಣಿ ನೋಡುತ್ತಾರೆ. ಆಗ ಜೋರಮ್ಮ, "ಶಾಲೆಗೆ ಒಂದು ಟ್ಯಾಂಕರ್ ಸಾಕು. ನೀವು ಭಟ್ಟಿಗೆ ಹೋಗಿ," ಎಂದು ಒಬ್ಬರ ಕೈ ಇಳಿಸುತ್ತಿದ್ದಳು. ಆಮೇಲೆ ಅವಳ ಸಹಾಯಕರು ನೀರು ಮುಟ್ಟುವ ತನಕ ಫೋನು ಮಾಡಿ ಪ್ರಾಣ ತಿನ್ನುತ್ತಿದ್ದರು.

ಆ ಸಹಾಯಕರು ಈಗಿಲ್ಲ. ದೂರದ ದೊಡ್ಡ ಆಫೀಸು ಖರ್ಚಿಗೆ ಕತ್ತರಿ ಹಾಕಿತು. ನೀರಿನ ವಿಭಾಗದವಳು ಹೋದಳು, ನಕಾಶೆಯವನು ಹೋದ, ಫೋನಿನ ಹುಡುಗಿಯರು ಅಳುತ್ತ ಹೋದರು. ಉಳಿದದ್ದು ಜೋರಮ್ಮ ಮತ್ತು ಡ್ರೈವರ್. ಸಾಲದ್ದಕ್ಕೆ ಪಕ್ಕದ ಜಿಲ್ಲೆಯ ಆಫೀಸನ್ನು ಮುಚ್ಚಿ ಅದನ್ನೂ ಅವಳ ತಲೆಗೆ ಕಟ್ಟಿದರು.

ಅವಳ ಸ್ವಂತ ಅಕ್ಕ, ಮೊಮ್ಮಗಳನ್ನು ಕಟ್ಟಿಕೊಂಡು, ಅದೇ ಇಟ್ಟಿಗೆ ಭಟ್ಟಿಯ ಶಿಬಿರದಲ್ಲಿದ್ದಳು. ಜೋರಮ್ಮ ತನ್ನ ಬಾಡಿಗೆ ಕೋಣೆಗೆ ಕರೆದರೆ, "ನಮ್ಮೂರೋರೆಲ್ಲ ಇಲ್ಲಿದಾರೆ, ಬಿಟ್ಟು ಹೇಗೆ ಬರ್ಲಿ?" ಎಂದಿದ್ದಳು.

ಆ ವಾರ ಎರಡೂ ಜಿಲ್ಲೆಗಳ ಸಭೆ ಒಂದೇ ಹೊತ್ತಿಗೆ ಬಿತ್ತು. ಜೋರಮ್ಮ ಒಳಕೋಣೆಯಲ್ಲಿ ಪಕ್ಕದ ಜಿಲ್ಲೆಯವರೊಡನೆ ಫೋನಿನಲ್ಲಿ ಕೂತಳು. ಹೊರಗೆ ತಮ್ಮ ಜಿಲ್ಲೆಯ ಸಭೆಯನ್ನು ಡ್ರೈವರ್ ನಡೆಸಿದ. ದೇವರಂಥ ಮನುಷ್ಯ, ಯಾರು ಏನೆಂದರೂ ತಲೆಯಾಡಿಸಿದ. "ಬೇಗ ಮುಗೀತು ಮೇಡಂ, ಜಗಳಾನೇ ಇಲ್ಲ," ಎಂದು ಹಿಗ್ಗಿದ. ಅಲ್ಲೇ ಅವಳಿಗೆ ಅನುಮಾನ ಬರಬೇಕಿತ್ತು. ಆದರೆ ಫೋನು ಇನ್ನೂ ಕಿವಿಯಲ್ಲೇ ಇತ್ತು.

ಎರಡು ದಿನ ಕಳೆದು ಅಕ್ಕ ಫೋನು ಮಾಡಿದಳು. "ನೀರು ಯಾಕೋ ಬಂದೇ ಇಲ್ಲ ಕಣೇ."

ಜೋರಮ್ಮ ಡ್ರೈವರನ್ನು ಕೂಗಿದಳು. "ಭಟ್ಟಿಗೆ ಯಾರನ್ನ ಹಾಕಿದ್ರಿ?"

"ಎರಡು ಟ್ಯಾಂಕರ್‌ನೋರೂ ಶಾಲೆಗೇ ಕೊಡ್ತೀವಿ ಅಂದ್ರು ಮೇಡಂ. ಕೊಡೋರಿಗೆ ಬೇಡ ಅನ್ನೋಕೆ ನಾನ್ಯಾರು? ಭಟ್ಟಿಗೆ ನೀವೇ ಯಾರಿಗಾದ್ರೂ ಹೇಳಿರ್ತೀರಿ ಅಂದ್ಕೊಂಡೆ."

ಅವಳು ಟ್ಯಾಂಕರಿನವರಿಗೆ ಫೋನು ಹಚ್ಚಿದಳು. ಅವರು ನಾಳೆ ಬರುತ್ತೇವೆ ಎಂದರು. ಆಫೀಸಿನಲ್ಲಿದ್ದ ಕುಡಿಯುವ ನೀರಿನ ಕ್ಯಾನುಗಳನ್ನೆಲ್ಲ ಜೀಪಿಗೆ ಹೇರಿಕೊಂಡು ಇಬ್ಬರೂ ಹೊರಟರು.

ಭಟ್ಟಿಯಲ್ಲಿ ಜನ ಕೊಡ ಹಿಡಿದು ಸಾಲಾಗಿ ಕೂತಿದ್ದರು. ಕೂಗಾಟವಿಲ್ಲ. ಅದೇ ಅವಳನ್ನು ಹೆದರಿಸಿತು. ಹಿಂದಿನ ದಿನವೇ ಕೆಲವರು ಶಾಲೆಯ ಶಿಬಿರಕ್ಕೆ ನಡೆದುಹೋಗಿ ನೀರು ತರಲು ಹೊರಟಿದ್ದರಂತೆ. ತಡೆದವಳು ಅಕ್ಕ: "ನನ್ನ ತಂಗಿ ಇರೋದೇ ಆ ಆಫೀಸಲ್ಲಿ. ನೀರು ಬಂದೇ ಬರತ್ತೆ, ಕೂತ್ಕೊಳ್ಳಿ." ಕೂತರು. ಮಕ್ಕಳು ತಡೆಯಲಾರದೆ ಮಣ್ಣು ತೆಗೆದ ಗುಂಡಿಯ ನೀರು ಕುಡಿದವು. ಈಗ ಡೇರೆ ಡೇರೆಯಲ್ಲೂ ವಾಂತಿಭೇದಿ. ಅಕ್ಕನ ಮಡಿಲಲ್ಲಿ ಮೊಮ್ಮಗಳು ಅರೆಗಣ್ಣು ತೆರೆದು ಬಿದ್ದಿದ್ದಳು, ಕರೆದರೆ ಓಗೊಡಲಿಲ್ಲ.

"ಜೀಪಲ್ಲಿ ಮಲಗ್ಸು, ಆಸ್ಪತ್ರೆಗೆ ಕಳಿಸ್ತೀನಿ," ಎಂದಳು ಜೋರಮ್ಮ. ಡ್ರೈವರ್ ಆಗಲೇ ಕ್ಯಾನುಗಳನ್ನು ಇಳಿಸುತ್ತಿದ್ದ.

"ಇವಳೊಬ್ಳು ಹೋದ್ರೆ ಆಯ್ತಾ? ಉಳಿದ ಮಕ್ಕಳು? ನಿಮ್ಮ ಆಫೀಸಿಗೆ ಫೋನ್ ಮಾಡೇ. ಡಾಕ್ಟರನ್ನ ಹೊರಡಿಸೋಕೆ ಹೇಳು."

"ಆಫೀಸಲ್ಲಿ ಯಾರಿದಾರೆ ಅಕ್ಕಾ?" ಎಂದು ಜೋರಮ್ಮ ಅತ್ತಳು. "ನಾನು, ಈ ಡ್ರೈವರು. ಇಬ್ರೇ. ಇಬ್ರೂ ಇಲ್ಲೇ ನಿಂತಿದೀವಿ."

ಅಕ್ಕ ತಂಗಿಯ ಮುಖವನ್ನೇ ನೋಡಿದಳು. ಮಗುವನ್ನು ಅವಳ ಕೈಗಿತ್ತು, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಸಾಲಿನತ್ತ ತಿರುಗಿದಳು.

"ಕೇಳಿದ್ರಾ?" ಎಂದು ಗಟ್ಟಿಯಾಗಿ ಕೂಗಿದಳು. "ಆಫೀಸಿನೋರೆಲ್ಲ ನಮಗೋಸ್ಕರಾನೇ ಓಡಾಡ್ತಿದಾರಂತೆ. ಡಾಕ್ಟರೂ ಬರ್ತಾರಂತೆ. ಯಾರೂ ಹೆದರ್ಬೇಡಿ."

ಜನ ಈ ಸಲವೂ ನಂಬಿದರು.