ಅಳತೆಗೆ ಸಿಗದ ಗೋದಾಮು

ಶಶಿಕಲಾ ಜಿಗಣಿಯಾಚೆಯ ಒಂದು ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ. ಹನ್ನೊಂದು ವರ್ಷದಿಂದ ಮನೆಮನೆಗೆ, ಶೆಡ್‌ಶೆಡ್‌ಗೆ ನಡೆದು ಕಂದಾಯ ವಸೂಲಿ ಮಾಡುತ್ತಿದ್ದಳು. ಅವಳ ಸಂಬಳವೂ ಆ ವಸೂಲಿಯಿಂದಲೇ ಹುಟ್ಟಬೇಕು. ದುಡ್ಡು ಬರದ ತಿಂಗಳು ಸಂಬಳವೂ ಇಲ್ಲ.

ಎರಡು ವರ್ಷದ ಹಿಂದೆ ಕೊಳವೆಬಾವಿಗಳ ಕರೆಂಟ್ ಬಾಕಿ ಬೆಟ್ಟದಷ್ಟಾಗಿ, ಬೇಸಿಗೆಯ ನಡುವೆ ಕರೆಂಟ್ ಕಂಪನಿಯವರು ಮೋಟಾರುಗಳ ಫ್ಯೂಸ್ ಕಿತ್ತುಕೊಂಡು ಹೋದರು. ಒಂಬತ್ತು ದಿನ ಊರಿಗೆ ನೀರಿಲ್ಲ. ಟ್ಯಾಂಕರ್ ಮುಂದೆ ಕೊಡ ಹಿಡಿದು ಶಶಿಕಲಾಳೂ ನಿಂತಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಶ್ರೀಕರ್ ಸಭೆ ಕರೆದು ಸಣ್ಣ ಕಾರ್ಖಾನೆ ಶೆಡ್‌ಗಳ ತೆರಿಗೆಯನ್ನು ಒಂದೂವರೆ ಪಟ್ಟು ಮಾಡಿಸಿದಾಗ ಅವಳಿಗೆ ಅದು ಸರಿಯೆಂದೇ ಕಂಡಿತು. ಸರಿಯೂ ಆಯಿತು. ವರ್ಷದೊಳಗೆ ಅರ್ಧ ಬಾಕಿ ತೀರಿತು, ದಿನಾ ನೀರು ಬಂತು.

ಉಳಿದರ್ಧ ಬಾಕಿ ತೀರಿಸಲೆಂದು ಮರುವರ್ಷ ತೆರಿಗೆ ಮತ್ತೆ ಏರಿತು. ನೋಟಿಸ್ ಹಿಡಿದು ವೆಂಕಟರಮಣಪ್ಪನವರ ಲೇತ್ ಶೆಡ್‌ಗೆ ಹೋದಳು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ, ಹದಿನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದವರು.

"ಹೋದ್ಸಲ ಮಾತಾಡ್ದೆ ಕಟ್ದೆ, ಶಶಿಕಲಮ್ಮ. ನೀರು ಬಂತು, ಸಂತೋಷ. ಆದ್ರೆ ನಂಗೆ ಆರ್ಡರ್ ಕೊಡೋರು ಮೂರು ವರ್ಷದಿಂದ ಒಂದೇ ರೇಟು ಕೊಡ್ತಿದಾರೆ. ಎಲ್ಲಿಂದ ತರ್ಲಿ?"

ಎರಡು ತಿಂಗಳಲ್ಲಿ ಅವರ ಯಂತ್ರಗಳು ಲಾರಿ ಹತ್ತಿ ಹೊಸೂರಿನ ಕಡೆ ಹೋದವು. ಇನ್ನೂ ಆರು ಶೆಡ್ ಅದೇ ದಾರಿ ಹಿಡಿದವು. ದರ ಏರಿದ್ದರೂ ವಸೂಲಿ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತು, ಬಾಕಿ ಮತ್ತೆ ಬೆಳೆಯಿತು. ಶಶಿಕಲಾಗೆ ಮೂರು ತಿಂಗಳು ಸಂಬಳವಿಲ್ಲ.

ಮುಖ್ಯರಸ್ತೆಯ ಬದಿಯಲ್ಲಿ ಒಂದು ದೊಡ್ಡ ಗೋದಾಮಿತ್ತು. ಮಾಜಿ ಅಧ್ಯಕ್ಷರ ಭಾವಮೈದುನನದು. ತೆರಿಗೆ ಪುಸ್ತಕದಲ್ಲಿ ಅದರ ವಿಸ್ತೀರ್ಣ ಎರಡು ಸಾವಿರ ಚದರಡಿ. ಒಂದು ಬೆಳಿಗ್ಗೆ ಅವಳೇ ಟೇಪ್ ಹಿಡಿದು ಹೋದಳು. ಟೇಪಿನ ಇನ್ನೊಂದು ತುದಿಯನ್ನು ಕಾವಲುಗಾರನೇ ಹಿಡಿದುಕೊಟ್ಟ. ಇಪ್ಪತ್ತಮೂರು ಸಾವಿರ! ಇದೊಂದರ ತೆರಿಗೆ ಸರಿಯಾಗಿ ಬಂದರೆ, ಬಿಟ್ಟುಹೋದ ಏಳು ಶೆಡ್‌ಗಳ ನಷ್ಟ ತುಂಬುತ್ತಿತ್ತು.

"ಸಾರ್, ರೇಟು ಏರಿಸೋದೇ ಬೇಡ. ಇದನ್ನ ಸರಿಯಾಗಿ ಬರೆದ್ರೆ ಸಾಕು," ಎಂದು ಚೀಟಿಯನ್ನು ಶ್ರೀಕರ್ ಮುಂದಿಟ್ಟಳು.

ಅವರು ಎದ್ದು ಬಾಗಿಲು ಮುಚ್ಚಿದರು. "ನಂಗೊತ್ತಿಲ್ವೇನಮ್ಮ? ಹೋದ್ವರ್ಷ ನಾನೇ ನೋಟಿಸ್ ಟೈಪ್ ಮಾಡ್ಸಿದ್ದೆ. ಸಾಯಂಕಾಲದೊಳಗೆ ಬೀದರ್‌ಗೆ ಹೋಗ್ತೀರಾ ಅಂತ ಫೋನ್ ಬಂತು. ಮಗಳು ಎಸ್ಸೆಸ್ಸೆಲ್ಸಿ."

"ಹಂಗಾದ್ರೆ ಬಾಕಿ ಯಾರ್ ಕಟ್ಬೇಕು ಸಾರ್?"

"ಕೇಳಿದ್ರೆ ಕೊಡೋರು ಯಾರಿದಾರೋ, ಅವ್ರೇ."

ಗ್ರಾಮಸಭೆಯಲ್ಲಿ ಲೆಕ್ಕ ಓದುವ ಸರದಿ ಅವಳದು. ಅವಳು ಬಾಡಿಗೆಗಿದ್ದ ವಠಾರದ ಮಾಲೀಕ ಮುನಿಯಣ್ಣ ಎದ್ದು ಕೇಳಿದ: "ಎರಡು ಸಲ ಏರಿಸಿದ್ರಲ್ಲಮ್ಮ, ಆದ್ರೂ ಸಾಲ ಯಾಕಂಗೇ ಐತೆ?"

ಅಳತೆಯ ಚೀಟಿ ಅವಳ ಚೀಲದಲ್ಲೇ ಇತ್ತು. ಎದುರಿನ ಸಾಲಿನಲ್ಲಿ ಗೋದಾಮಿನ ಯಜಮಾನ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳ ಪಕ್ಕದಲ್ಲಿ ಶ್ರೀಕರ್ ಮೇಜು ನೋಡುತ್ತಿದ್ದರು.

"ಏಳು ಶೆಡ್ ಖಾಲಿಯಾಗಿವೆ, ಅದಕ್ಕೆ," ಎಂದಳು. ಅದು ಸುಳ್ಳಲ್ಲ. ಚೀಲದ ಜಿಪ್ ಎಳೆದು ಕೂತಳು. ಆ ದಿನವೇ ಮನೆಗಳ ಕಂದಾಯವನ್ನೂ ಏರಿಸುವ ತೀರ್ಮಾನವಾಯಿತು.

ಸೋಮವಾರ ಮೊದಲ ನೋಟಿಸ್ ಮುನಿಯಣ್ಣನಿಗೆ. ಆತ ಕನ್ನಡಕ ಹಾಕಿಕೊಂಡು ಓದಿ ಸಹಿ ಮಾಡಿದ.

"ಎಲ್ಲಾರ ಬಾಡಿಗೇನೂ ಐನೂರು ಜಾಸ್ತಿ ಮಾಡ್ಲೇಬೇಕಾಯ್ತದೆ. ನಿಂದೂ ಸೇರಿ. ಬೇಜಾರ್ ಮಾಡ್ಕಬೇಡ ಕಣಮ್ಮ."

"ಇಲ್ಲ ಮುನಿಯಣ್ಣ," ಎಂದಳು. ಸಹಿಯಾದ ಹಾಳೆಯನ್ನು ಮಡಚಿಟ್ಟುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು.